ಫಿರಂಗಿಯನ್ನು ಹೊತ್ತವರು ಯಾರು?

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ಯುದ್ಧ ಸ್ಮಾರಕ ಸಂಗ್ರಹಾಲಯದಲ್ಲಿ, ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಂದ ವಶಪಡಿಸಿಕೊಂಡ ಪುಟ್ಟ ಫಿರಂಗಿಗಳಿವೆ. ‘ಟೈಪ್ 92’ ಅವುಗಳಲ್ಲೊಂದು. ಜಪಾನಿನ ಅಂದಿನ ಪಂಚಾಂಗದಂತೆ 2592ನೇ ವರ್ಷದ, ಅಂದರೆ 1932ರ ಮಾದರಿಯಾದ್ದರಿಂದ ಈ ಹೆಸರು. ತೂಕ ಸುಮಾರು 216 ಕಿಲೋ. ಗುಂಡು ಎರಡೂವರೆ ಕಿಲೋಮೀಟರಿಗಿಂತಲೂ ದೂರ ಹೋಗುತ್ತಿತ್ತು.

ರಸ್ತೆಯೇ ಇಲ್ಲದ ಕಾಡಿನಲ್ಲಿ ಇಷ್ಟು ಭಾರ ಸಾಗಿದ್ದು ಹೇಗೆ ಗೊತ್ತೇ? ಬಿಚ್ಚಿ, ಭಾಗ ಭಾಗವಾಗಿ ಮನುಷ್ಯರೇ ಹೊರುತ್ತಿದ್ದರು. 1942ರಲ್ಲಿ ನ್ಯೂಗಿನಿಯ ಕೊಕೊಡಾ ಬೆಟ್ಟದ ಹಾದಿಯಲ್ಲಿ ಜಪಾನಿ ಸೇನೆ ಇಂತಹ ಹಗುರ ಫಿರಂಗಿಗಳನ್ನು ಕೊಂಡೊಯ್ದಿತು. ಫಿರಂಗಿ ಮುಂದೆ ಸಾಗಿತು, ಅಕ್ಕಿ ಹಿಂದೆಯೇ ಉಳಿಯಿತು. ಪೋರ್ಟ್ ಮೋರ್ಸ್‌ಬಿ ಪಟ್ಟಣ ಸಮೀಪಿಸುತ್ತಿದ್ದಾಗಲೇ, ಸೆಪ್ಟೆಂಬರಿನಲ್ಲಿ ಹಿಂದೆ ಸರಿಯಲು ಆಜ್ಞೆ ಬಂತು. ಮರಳುವ ದಾರಿಯಲ್ಲಿ ಹಸಿವು, ಮಲೇರಿಯಾ, ಆಮಶಂಕೆಗೆ ಎಷ್ಟೋ ಯುವಕರು ಬಲಿಯಾದರು. ಅವರೂ ತಾಯಂದಿರ ಮಕ್ಕಳೇ ಅಲ್ಲವೇ?

ಸಹೋದರಿಯರೇ, ಸಂಗ್ರಹಾಲಯದಲ್ಲಿ ಫಿರಂಗಿ ಕಂಡರೆ ಮಕ್ಕಳು ಕುಣಿಯುತ್ತಾರೆ. ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಫಲಕದಲ್ಲಿರುತ್ತದೆ. ಅದನ್ನು ಹೊತ್ತವರು ಯಾರು, ಅವರಿಗೆ ಊಟ ಸಿಕ್ಕಿತೇ, ಮನೆಯಲ್ಲಿ ಯಾರು ಕಾಯುತ್ತಿದ್ದರು ಎಂಬುದನ್ನು ನೀವೇ ಹೇಳಿಕೊಡಬೇಕು. ಯುದ್ಧದ ನಿಜವಾದ ಭಾರ ಮಕ್ಕಳಿಗೆ ಆಗಲೇ ತಿಳಿಯುವುದು.