ನಕ್ಷೆಯಲ್ಲಿ ಮಾತ್ರ ಉಳಿದ ಗಾಳಿಮರ

ಮುಂಬೈಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮೂಲ್ಕಿಯಲ್ಲಿ ಇಳಿದ ಮರುದಿನ ನನಗೊಂದು ಕೆಲಸ ಇದ್ದೇ ಇರುತ್ತಿತ್ತು. ಬೆಳಗ್ಗೆ ಅಪ್ಪನ ಸ್ಕೂಟರಿನಲ್ಲಿ ಹಳೆಯಂಗಡಿಯಿಂದ ಸಸಿಹಿತ್ಲುವಿಗೆ ಹೋಗಿ, ಅಳಿವೆಯ ಹತ್ತಿರ ಓರೆಯಾಗಿ ಬೆಳೆದ ಗಾಳಿಮರವೊಂದರ ಫೋಟೊ ತೆಗೆಯುವುದು. ನಂದಿನಿ, ಶಾಂಭವಿ ನದಿಗಳು ಒಟ್ಟಾಗಿ ಕಡಲು ಸೇರುವ ಜಾಗ ಅದು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಹೊರಗಿನವರಿಗೂ ಆ ಕಿನಾರೆಯ ಹೆಸರು ಗೊತ್ತಾಯಿತು. ನನಗೆ ಮಾತ್ರ ಅದು ‘ನನ್ನ ಜಾಗ’. ಮೊಬೈಲಿನ ನಕ್ಷೆಯಲ್ಲಿ ಗುರುತು ಹಾಕಿ ಇಟ್ಟುಕೊಂಡಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲೆ ಊರಿಗೆ ಹೋದಾಗ ಮರ ಕಾಣಲಿಲ್ಲ. ದಾರಿ ತಪ್ಪಿತೇನೋ ಅಂದುಕೊಂಡು ನಕ್ಷೆ ತೆರೆದೆ. ನಾನು ಹಾಕಿದ್ದ ಗುರುತು ಇತ್ತು. ಅಲ್ಲಿ ಅಲೆ ಒಡೆಯುತ್ತಿತ್ತು.

‘ಕಡಲ್ಕೊರೆತ’ ಎಂಬ ಪದವನ್ನು ಪ್ರತಿ ಜೂನ್‌ನಲ್ಲೂ ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದವನು ನಾನು. ಈಗ ಕೂತು ಓದಿದೆ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಒಳಗೆ ಎಳೆದುಕೊಳ್ಳುತ್ತವೆ. ಬೇಸಿಗೆಯ ಸಣ್ಣ ಅಲೆಗಳು ಅದರಲ್ಲಿ ಒಂದಷ್ಟನ್ನು ಮರಳಿ ತರುತ್ತವೆ. ಅಳಿವೆಯಲ್ಲಿ ಈ ಲೆಕ್ಕಕ್ಕೆ ನದಿಯ ನೆರೆಯೂ ಸೇರುತ್ತದೆ, ಮರಳಿನ ದಿಬ್ಬ ಒಂದು ಕಡೆ ಸವೆದು ಇನ್ನೊಂದು ಕಡೆ ಬೆಳೆಯುತ್ತದೆ. 1990ರಿಂದ 2018ರವರೆಗಿನ ದಾಖಲೆ ನೋಡಿದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಪ್ರಕಾರ, ಭಾರತದ ಮುಖ್ಯ ಭೂಭಾಗದ ಕರಾವಳಿಯಲ್ಲಿ ಸುಮಾರು ಶೇ 34ರಷ್ಟು ಕೊರೆತಕ್ಕೆ ಸಿಕ್ಕಿದೆ. ಸುಮಾರು ಶೇ 27ರಷ್ಟು ಕಡೆ ಮಣ್ಣು ತುಂಬಿ ದಡ ಬೆಳೆದಿದೆ.

ಅಪ್ಪನಿಗೆ ಈ ಅಂಕಿಅಂಶ ಹೇಳಿದೆ. ‘ಅದು ಕಡಲಿನದ್ದೇ ಜಾಗ ಅಲ್ವಾ ಮಾರಾಯ, ನಾವು ಸಣ್ಣವರಿರುವಾಗ ಅಳಿವೆ ಇಲ್ಲಿ ಇರಲೇ ಇಲ್ಲ’ ಅಂದರು. ನಾನು ಶಾಶ್ವತ ಅಂದುಕೊಂಡ ಜಾಗ ಅವರ ಬಾಲ್ಯಕ್ಕಿಂತ ಚಿಕ್ಕದಾಗಿತ್ತು.

ಅವತ್ತು ರಾತ್ರಿ ಹಳೆಯ ಫೋಟೊಗಳನ್ನೆಲ್ಲ ತೆರೆದೆ. ಮರ, ಅಲೆ, ಮೋಡ. ಫ್ರೇಮ್ ಚೊಕ್ಕವಾಗಿರಲಿ ಎಂದು ಬಲೆ ಎಳೆಯುವವರನ್ನು, ದೋಣಿಗಳನ್ನು, ಮಕ್ಕಳನ್ನು ಕತ್ತರಿಸಿದ್ದೆ. ‘ಅಪ್ಪಾ, ಸ್ವಲ್ಪ ಹಿಂದೆ ನಿಲ್ಲಿ’ ಎಂದು ಪ್ರತಿ ಸಲ ಹೇಳುತ್ತಿದ್ದದ್ದೂ ನೆನಪಾಯಿತು. ಅಷ್ಟು ವರ್ಷ ಟ್ರೈಪಾಡ್ ಚೀಲ ಹಿಡಿದು ಬಂದವರು ಒಂದೇ ಒಂದು ಫೋಟೊದಲ್ಲಿ ಇದ್ದಾರೆ, ಅದೂ ನೆರಳಾಗಿ. ಎಳೆಬಿಸಿಲಿಗೆ ಅವರ ನೆರಳು ನನ್ನ ಹಿಂದಿನಿಂದ ಮರಳಿನ ಮೇಲೆ ಉದ್ದಕ್ಕೆ ಚಾಚಿದೆ. ಚಿತ್ರ ಹಾಳಾಯಿತು ಎಂದು ಅದನ್ನು ಬದಿಗೆ ಹಾಕಿದ್ದೆ. ಅಳಿಸದೆ ಬಿಟ್ಟದ್ದು ನನ್ನ ಪುಣ್ಯ.

ಹೊರಡುವ ಮುನ್ನ ಇನ್ನೊಮ್ಮೆ ಹೋದೆವು. ಅಪ್ಪನನ್ನು ಮುಂದೆ ನಿಲ್ಲಿಸಿದೆ. ‘ಮರ ಇಲ್ಲದಿದ್ದರೆ ಎಂತ ಫೋಟೊ?’ ಎಂದು ನಕ್ಕರು. ಗಾಳಿಗೆ ಅಂಗಿ ಹಾರಾಡುತ್ತಿತ್ತು, ಹಿಂದೆ ಯಾರೋ ಬಲೆ ಎಳೆಯುತ್ತಿದ್ದರು. ಯಾವುದನ್ನೂ ಕತ್ತರಿಸಿಲ್ಲ.

ನೀವೂ ಮುಂದಿನ ಸಲ ಊರಿಗೆ ಹೋದಾಗ ಮನೆಯವರನ್ನು ಫ್ರೇಮಿನೊಳಗೆ ಕರೆಯಿರಿ.