ಸ್ವರಶುದ್ಧಿಗೆ ಕೂದಲೆಳೆಯ ಅಳತೆ

ತಂಬೂರಿಯ ಜೀವಾಳದ ಎಳೆಯನ್ನು ಕೂದಲಿನಷ್ಟು ಸರಿಸಿದರೆ ನಾದವು ಅರಳುವುದು, ಮಿತಿಮೀರಿದರೆ ಅಡಗುವುದು. ಹಂಪೆಯ ಉತ್ಸವದ ವೇದಿಕೆಯಲ್ಲಿ ಧ್ವನಿವರ್ಧಕವನ್ನು ನಡೆಸುವವನಿಗೂ ಇದೇ ನೀತಿ. ಮೈಕು ಕೂಗಿಟ್ಟಾಗ, ಆ ಒಂದು ಕಂಪನವನ್ನೇ ಹುಡುಕಿ ತಗ್ಗಿಸಬೇಕು. ಪ್ಯಾರಾಮೆಟ್ರಿಕ್ ಈಕ್ವಲೈಸರಿನಲ್ಲಿ ಇದಕ್ಕೆಂದೇ ಮೂರು ತಿರುಪುಗಳುಂಟು: ಯಾವ ಕಂಪನ, ಎಷ್ಟು ತಗ್ಗು, ಎಷ್ಟು ಅಗಲ.

ಸೆಕೆಂಡಿಗೆ 1000 ಕಂಪನಗಳುಳ್ಳ ಸ್ವರಕ್ಕೂ ಅದರ ಮೇಲಿನ ಸ್ವರಸ್ಥಾನಕ್ಕೂ ಇರುವ ಅಂತರ ಸುಮಾರು 60 ಕಂಪನಗಳು ಮಾತ್ರ. ಪಳಗಿದ ಕಿವಿಯು ಮೂರುನಾಲ್ಕು ಕಂಪನಗಳ ಭೇದವನ್ನೂ ಗ್ರಹಿಸಬಲ್ಲುದು. ಹೀಗಿರುವಲ್ಲಿ ತಿರುಪು ನೂರು ನೂರಾಗಿ ಹಾರಿದರೆ ಕೂಗು ಹಾಗೆಯೇ ಉಳಿದು, ನೆರೆಯ ಸ್ವರವು ಸೊರಗುವುದು. ಸಭಿಕರು ಗಾಯಕನನ್ನೇ ದೂರುವರು. ಆದುದರಿಂದ ಯಂತ್ರವನ್ನು ಕೊಳ್ಳುವವರು ಅದರ ಅಬ್ಬರಕ್ಕಿಂತ ಮೊದಲು ತಿರುಪಿನ ನಯವನ್ನು ಪರೀಕ್ಷಿಸತಕ್ಕದ್ದು.