ರಾತ್ರಿ ಲಾರಿ ಓಡಿಸುವವರ ಊಟ



"ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದು ವೈದ್ಯರು ಹೇಳಿದಾಗ ನಿಮಗೆ ಒಳಗೊಳಗೇ ನಗು ಬಂದಿರಬಹುದು. ಊರೆಲ್ಲ ಮಲಗಿದ ಮೇಲೆ ನಿಮ್ಮ ಕೆಲಸ ಶುರು. ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿಯಿಂದ ಲೋಡ್ ಹೊತ್ತು ಹೊರಟರೆ ಎರಡರ ಹೊತ್ತಿಗೆ ಚಿತ್ರದುರ್ಗದ ಆಸುಪಾಸು, ಬೆಳಗಾದ ಮೇಲೆ ಬೆಂಗಳೂರು. ಇದರಲ್ಲಿ ಊಟದ ಹೊತ್ತು ಯಾವುದು ಎಂದು ನೀವು ಕೇಳಿದರೆ ತಪ್ಪಿಲ್ಲ. ನಮ್ಮ ಉತ್ತರ ಇಷ್ಟೇ: ಹೊಟ್ಟೆ ತುಂಬುವ ಊಟ ಗಾಡಿ ಹತ್ತುವ ಮೊದಲು, ನಡುರಾತ್ರಿ ಸ್ವಲ್ಪ, ಬೆಳಿಗ್ಗೆ ಮಲಗುವ ಮುಂಚೆ ಹಗುರ.

ಇದಕ್ಕೆ ಕಾರಣವಿದೆ. ನಮ್ಮ ದೇಹದೊಳಗೂ ಒಂದು ಗಡಿಯಾರವಿದೆ. ನೀವು ಎಷ್ಟು ವರ್ಷ ರಾತ್ರಿ ಗಾಡಿ ಓಡಿಸಿದರೂ ಅದು ಪೂರ್ತಿ ತಿರುಗುವುದಿಲ್ಲ. ರಾತ್ರಿಯಾದ ಮೇಲೆ ಇನ್ಸುಲಿನ್ ಹಗಲಿನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಉಂಡ ಅನ್ನವನ್ನೇ ರಾತ್ರಿ ಒಂದಕ್ಕೆ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ತಡವಾಗುತ್ತದೆ. ಜಠರವೂ ನಿಧಾನ. ಎದೆಯುರಿ, ಹುಳಿತೇಗು ಬರುವುದು ಇದರಿಂದಲೇ. ಇದಕ್ಕಿಂತ ದೊಡ್ಡ ಮಾತು ನಿದ್ದೆಯದು. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ನಿದ್ದೆಯ ಸೆಳೆತ ಅತಿ ಹೆಚ್ಚು. ಒಂದೂವರೆಗೆ ಡಾಬಾದಲ್ಲಿ ಪರೋಟ, ಮೇಲೆ ಒಂದು ತಟ್ಟೆ ಫ್ರೈಡ್ ರೈಸ್ ತಿಂದು ಸ್ಟೇರಿಂಗ್ ಹಿಡಿದರೆ ಆ ಸೆಳೆತಕ್ಕೆ ನೀವೇ ಕೈಕೊಟ್ಟಂತೆ.

ಆದ್ದರಿಂದ ಸಂಜೆ ಏಳು, ಏಳೂವರೆಗೆ ಮನೆಯಲ್ಲೇ ಕುಳಿತು ಉಣ್ಣಿರಿ. ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಒಂದು ಬಟ್ಟಲು ಅನ್ನ-ಸಾರು, ಮಜ್ಜಿಗೆ. ಇದಕ್ಕಿಂತ ಒಳ್ಳೆಯ ಊಟವನ್ನು ನಾವು ಬೇರೆ ಹೇಳಬೇಕಾಗಿಲ್ಲ. ಜೋಳ, ಕಾಳು ನಿಧಾನವಾಗಿ ಅರಗುವುದರಿಂದ ಹಸಿವು ತಡವಾಗಿ ಆಗುತ್ತದೆ.

ನಡುರಾತ್ರಿಗೆ ಮನೆಯ ಬುತ್ತಿ ಒಳ್ಳೆಯದು. ತಾಯಂದಿರು, ಅಕ್ಕತಂಗಿಯರು ಇದನ್ನು ಗಮನಿಸಬೇಕು. ಬಿಸಿ ಅನ್ನವನ್ನು ಡಬ್ಬಿಯಲ್ಲಿ ಒತ್ತಿ ಕಟ್ಟಿದರೆ ಇಂಜಿನ್ ಶಾಖದ ಕ್ಯಾಬಿನ್ನಿನಲ್ಲಿ ಆರೇಳು ಗಂಟೆಯಲ್ಲಿ ಕೆಡುತ್ತದೆ. ವಾಸನೆ ಬಾರದಿದ್ದರೂ ವಾಂತಿ-ಭೇದಿ ಬರಬಹುದು. ಬೇಸಿಗೆಯಲ್ಲಿ ಮೊಸರನ್ನವೂ ಅಷ್ಟೇ. ಕಟಕ ರೊಟ್ಟಿಗೆ ಈ ಭಯವಿಲ್ಲ. ಜೊತೆಗೆ ಅಗಸಿ ಇಲ್ಲವೆ ಗುರೆಳ್ಳು ಚಟ್ನಿಪುಡಿ, ಒಂದು ಹಿಡಿ ಶೇಂಗಾ ಅಥವಾ ಪುಟಾಣಿ, ಸೌತೆಕಾಯಿ, ಗಜ್ಜರಿ, ಒಂದು ಪೇರಲ ಹಣ್ಣು. ರಕ್ತದೊತ್ತಡ ಇರುವವರಿಗೆ ಚಟ್ನಿಪುಡಿಗೆ ಉಪ್ಪು ಕಡಿಮೆ ಹಾಕಿರಿ, ಉಪ್ಪಿನಕಾಯಿ ಕಟ್ಟಲೇಬೇಡಿರಿ.

ಎಲ್ಲ ದಿನವೂ ಬುತ್ತಿ ಸಾಧ್ಯವಾಗುವುದಿಲ್ಲ, ಮೂರು ನಾಲ್ಕು ದಿನದ ಟ್ರಿಪ್ ಆದರಂತೂ ಇಲ್ಲವೇ ಇಲ್ಲ. ಡಾಬಾದಲ್ಲಿ ಮೈದಾ ಬೇಡ, ಗೋಧಿ ರೊಟ್ಟಿ ಇದೆಯೇ ಎಂದು ಕೇಳಿರಿ. ಒಗ್ಗರಣೆ ಕಡಿಮೆ ಹಾಕಿದ ದಾಲ್, ಹಸಿ ಈರುಳ್ಳಿ, ಸೌತೆಕಾಯಿ, ಮೊಸರು ಸಾಕು. ಅರ್ಧ ಹೊಟ್ಟೆಗೆ ಏಳಿರಿ. ಮೋಟಾರು ಸಾರಿಗೆಯವರಿಗೆ ಐದು ಗಂಟೆಯ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕೆಂದು 1961ರ ಕಾಯ್ದೆಯಲ್ಲೇ ಬರೆದಿತ್ತು. ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಊಟಕ್ಕೆ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಲು ಇಟ್ಟುಕೊಳ್ಳಿರಿ. ಮಾಲೀಕರ ಫೋನ್ ಬರುತ್ತಲೇ ಇರುತ್ತದೆ, ನಮಗೂ ಗೊತ್ತು.

ಇನ್ನು ಚಹಾ. ಎರಡು ಚಮಚ ಸಕ್ಕರೆಯ ನಾಲ್ಕು ಚಹಾ ಎಂದರೆ ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಒಂದು 300 ಮಿಲಿ ಕೋಲಾ ಬಾಟಲಿಯಲ್ಲೇ 30 ಗ್ರಾಂ ಮೀರುತ್ತದೆ. ಚಹಾ ಬೇಕೆನಿಸಿದರೆ ಮೂರು ಗಂಟೆಯೊಳಗೆ ಕುಡಿಯಿರಿ. ಅದರ ಪ್ರಭಾವ ಐದು ಗಂಟೆ ಕಳೆದರೂ ಅರ್ಧ ಉಳಿದಿರುತ್ತದೆ, ಬೆಳಗಿನ ನಿದ್ದೆ ಕೆಡುತ್ತದೆ. ಮೂತ್ರಕ್ಕೆ ಗಾಡಿ ನಿಲ್ಲಿಸಬೇಕಾದೀತೆಂದು ನೀರು ಕುಡಿಯದೆ ಇರುವವರು ಬಹಳ. ಮೂತ್ರಪಿಂಡದಲ್ಲಿ ಕಲ್ಲಾಗಲು ಇದೂ ಒಂದು ಕಾರಣ. ನಿಲ್ಲಿಸಿರಿ, ಕುಡಿಯಿರಿ.

ಸಕ್ಕರೆ ಕಾಯಿಲೆ ಇರುವವರು ಇದನ್ನು ತಪ್ಪದೆ ಓದಿರಿ

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮದ್ದು ತೆಗೆದುಕೊಂಡು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ತೀರಾ ಇಳಿಯುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಲ್ಲಿ ಇದು ಅಪರೂಪ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜು. ಆಮೇಲೆ ತಲೆಯೇ ಓಡುವುದಿಲ್ಲ. ಎದುರಿನ ಗಾಡಿಯ ಬೆಳಕು ಕಂಡರೂ ಬ್ರೇಕ್ ಒತ್ತಬೇಕೆಂದು ಹೊಳೆಯುವುದಿಲ್ಲ. ನೋಡಿದವರು ಕುಡಿದಿದ್ದಾನೆ ಎನ್ನುತ್ತಾರೆ.

ಬೆವರು ಶುರುವಾದ ಕೂಡಲೇ ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ತೆಗೆದು ನಿಲ್ಲಿಸಿರಿ. "ಇನ್ನು ಹತ್ತೇ ಕಿಲೋಮೀಟರು" ಎನ್ನಬೇಡಿರಿ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. ಬಿಸ್ಕತ್ತು, ಚಾಕೊಲೇಟು ನಿಧಾನವಾಗಿ ಕೆಲಸ ಮಾಡುತ್ತವೆ, ಮೊದಲು ಅವು ಬೇಡ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಹೋದ ಮೇಲೆ ಬುತ್ತಿ ಬಿಚ್ಚಿ ತಿನ್ನಿರಿ, ಮುಕ್ಕಾಲು ಗಂಟೆ ಗಾಡಿ ಎತ್ತಬೇಡಿರಿ. ಗ್ಲೂಕೋಸ್ ಪೊಟ್ಟಣ ಕ್ಯಾಬಿನ್ನಿನಲ್ಲಿ ಎಲ್ಲಿದೆ ಎಂಬುದು ಕ್ಲೀನರ್ ಹುಡುಗನಿಗೂ ಗೊತ್ತಿರಲಿ. ನೀವು ಎಚ್ಚರ ತಪ್ಪಿದರೆ ಅವನು ಬಾಯಿಗೆ ಏನನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಇದಕ್ಕೆ ಹೆದರಿ ಡ್ಯೂಟಿ ದಿನ ಮಾತ್ರೆಯನ್ನೇ ಬಿಡುವವರೂ ಇದ್ದಾರೆ. ಅದೂ ಸರಿಯಲ್ಲ. ನೀವು ರಾತ್ರಿ ಗಾಡಿ ಓಡಿಸುವವರು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ. ಮದ್ದಿನ ಹೊತ್ತನ್ನು ಬದಲಿಸಬಹುದು, ಬೇರೆ ಮದ್ದನ್ನೂ ಕೊಡಬಹುದು.

ಬೆಳಿಗ್ಗೆ ಗಾಡಿ ನಿಲ್ಲಿಸಿದ ಮೇಲೆ ಖಾಲಿ ಹೊಟ್ಟೆಯಲ್ಲಿ ಮಲಗಬೇಡಿರಿ, ಹಸಿವಿಗೆ ಎಚ್ಚರವಾಗುತ್ತದೆ. ಎರಡು ಇಡ್ಲಿಯೋ ಸ್ವಲ್ಪ ಉಪ್ಪಿಟ್ಟೋ ಸಾಕು. ಮಿರ್ಚಿ ಭಜಿ ಬೇಡ. ಮನೆಯಲ್ಲಿ ಮಲಗಿದಾಗ "ಊಟದ ಹೊತ್ತಾಯ್ತು, ಏಳು" ಎಂದು ಮಧ್ಯಾಹ್ನ ಯಾರೂ ಎಬ್ಬಿಸಬಾರದು.

ಡ್ಯೂಟಿ ಮುಗಿಸಿ ನೇರವಾಗಿ ಇಲ್ಲಿಗೆ ರಕ್ತ ಪರೀಕ್ಷೆಗೆ ಬರುವವರಿಗೆ ಒಂದು ಮಾತು. ಖಾಲಿ ಹೊಟ್ಟೆಯ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ರಾತ್ರಿ ಎರಡಕ್ಕೆ ತಿಂದು, ಮೂರಕ್ಕೆ ಚಹಾ ಕುಡಿದು ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಹಾಗೆಂದು ಪರೀಕ್ಷೆಗಾಗಿ ರಾತ್ರಿಯೆಲ್ಲ ಉಪವಾಸವಿದ್ದು ಗಾಡಿ ಓಡಿಸಬೇಡಿರಿ. ರಜೆಯ ದಿನ ಬನ್ನಿರಿ, ಇಲ್ಲವೆ ಕೊನೆಯ ಸಲ ಎಷ್ಟು ಗಂಟೆಗೆ ಏನು ತಿಂದಿರಿ ಎಂದು ಪ್ರಯೋಗಾಲಯದವರಿಗೆ ತಿಳಿಸಿರಿ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ, ಅದನ್ನು ಯಾವ ಹೊತ್ತಿನಲ್ಲಾದರೂ ಮಾಡಿಸಬಹುದು.